ಎರಡನೇ ಪಂಚ

ಠಾಣೆಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ
ಒಂದು ಗೂಡಂಗಡಿ, ಒಂದು ಹಲಸಿನ ಮರ.
ಅಷ್ಟು ಹತ್ತಿರವಿದ್ದದ್ದೇ ನನ್ನ ಅರ್ಹತೆ.
ಹನ್ನೊಂದು ವರ್ಷದಲ್ಲಿ ಎಷ್ಟು ಮಹಜರಿಗೆ ಪಂಚನಾದೆನೋ
ಲೆಕ್ಕ ಇಟ್ಟಿಲ್ಲ. "ಸಾಲ್ಯಾನರೇ, ಒಂದು ಸಹಿ"
ಎನ್ನುತ್ತಾರೆ, ಬೀಡಿಗೆ ಬೆಂಕಿ ಕೇಳಿದ ಹಾಗೆ.
ನಾನು ಕಾಣದ ಕತ್ತಿ, ನಾನು ಹೋಗದ ತೋಟ,
ನನ್ನ ಸಮಕ್ಷಮ ತೂಗಿದ ಗಾಂಜಾ,
ಎಲ್ಲದರ ಅಡಿಯಲ್ಲೂ
ನನ್ನ ಹೆಸರಿನ ಕೊನೆಯ ಸುಳಿ ಚಂದವಾಗಿ ಬಂದಿದೆ.

ಸೋಮವಾರ ಸಂಜೆ ಏಳೂ ಕಾಲಿಗೆ
ಮಲ್ಪೆ ದಕ್ಕೆಯ ಐಸ್ ಪ್ಲಾಂಟಿನಿಂದ ಅಂಗಾರ ಬಂದ.
ಮಗಳ ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪಿಗೆ, ಮೂರು ಪ್ರತಿ.
ಮರಗಟ್ಟಿದ ಬೆರಳು ಅಂಗಿಗೆ ಒರೆಸಿ
ಆರು ರೂಪಾಯಿ ಎಣಿಸಿಟ್ಟ.
ಎರಡನೇ ಪ್ರತಿ ಹೊರಬರುವಾಗ ಜೀಪು ನಿಂತಿತು.
ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಇದ್ದದ್ದು ಹೇಳಬೇಕು.
"ಬಾ ಮಾರಾಯ, ಐದು ನಿಮಿಷ" ಅಂದರು.
ಅವನು ನನ್ನತ್ತ ನೋಡಿದ,
ಹೋಗಲೋ ಬೇಡವೋ ಎಂದು ನನ್ನನ್ನೇ ಕೇಳುವಂತೆ.
ಮೆಷಿನ್ನು ಮೂರನೆಯದನ್ನೂ ಕಕ್ಕಿತು.
ಅಸಲು ಮುಚ್ಚಳದಡಿ ಉಳಿಯಿತು.

ಮಂಗಳವಾರ ಮಧ್ಯಾಹ್ನ ಸಹಿಗೆ ಕರೆ.
ಹಾಳೆಯ ತಲೆಯಲ್ಲಿ ನಾಲ್ಕು ಸಾಲು, ಕಾಲಲ್ಲಿ ಪಂಚರಿಬ್ಬರ ಹೆಸರು,
ನಡುವೆ ಬೆಳ್ಳಗೆ, ಒಂದು ಗದ್ದೆಯಷ್ಟು ಖಾಲಿ.
"ಆಮೇಲೆ ತುಂಬಿಸ್ತೇವೆ."
ಒಳಗೆ ಯಾರೋ ಕೆಮ್ಮಿದರು.
ಅಂಗಾರನ ಕೆಮ್ಮು ನನಗೆ ಗೊತ್ತು.
ಸಹಿ ಹಾಕಿದೆ. ಪೆನ್ನು ಅವರದೇ.

ಆ ಖಾಲಿಯಲ್ಲಿ ಆಮೇಲೆ ಬೆಳೆದದ್ದು ಇದು:
ಗುರುವಾರ ಬೆಳಗಿನ ಆರೂ ನಲವತ್ತಕ್ಕೆ, ಕಲ್ಮಾಡಿ ಸೇತುವೆಯ ಬಳಿ
ಅನುಮಾನಾಸ್ಪದವಾಗಿ ನಿಂತಿದ್ದವನು
ಸಮವಸ್ತ್ರ ಕಂಡು ಓಡಲು, ಬೆನ್ನಟ್ಟಿ ಹಿಡಿದು,
ಬೋಟಿನ ಎರಡು ಬ್ಯಾಟರಿ, ಪಂಚರ ಸಮಕ್ಷಮ.
ಓಡಿದನಂತೆ.
ಅವನ ಎಡಪಾದದ ಮೇಲೆ ಐಸಿನ ಬ್ಲಾಕು ಬಿದ್ದು
ನಾಲ್ಕು ವರ್ಷವಾಯಿತು.

ಶುಕ್ರವಾರ ಅವನ ಹೆಂಡತಿ ತುಕ್ರು ಬಂದಳು.
ಗಂಡನ ಮಾತೆತ್ತಲಿಲ್ಲ.
ಸ್ಕಾಲರ್‌ಶಿಪ್ಪಿಗೆ ನಾಳೆ ಕಡೇ ದಿನ.
"ಅಣ್ಣೇರೆ, ಎಂಕ್ಲೆನ ಕಾಗಜಿ ಉಂಡಾ?"
ಇತ್ತು. ಅಂದು ರಾತ್ರಿಯೇ ತೆಗೆದು ಡ್ರಾಯರಿನಲ್ಲಿ
ಚಿಲ್ಲರೆ ಡಬ್ಬಿಯ ಕೆಳಗೆ ಬೋರಲು ಇಟ್ಟಿದ್ದೆ,
ಹೆಸರು ಕಾಣದ ಹಾಗೆ.
ಸೆರಗಿನ ಗಂಟು ಬಿಚ್ಚತೊಡಗಿದಳು.
ದುಡ್ಡು ಬೇಡ, ಅವನು ಕೊಟ್ಟಿದ್ದಾನೆ, ಅಂದೆ.
"ಏಪ?"
ಯಾವಾಗ, ಎಂದಳು.
ಅಷ್ಟೇ.
ಠಾಣೆಯ ಅಷ್ಟೊಂದು ರಿಜಿಸ್ಟರುಗಳಲ್ಲಿ
ಯಾರೂ ಕೇಳಿಕೊಳ್ಳದ ಪ್ರಶ್ನೆ.

ಅವಳು ಬರೆಸಿ ಕಳಿಸಿದ ಅರ್ಜಿ ಎಲ್ಲೆಲ್ಲೋ ತಿರುಗಿ
ಏಳು ತಿಂಗಳಿಗೆ ವಿಚಾರಣೆಯಾಗಿ ಬಂತು.
ಠಾಣೆಯ ಕ್ಯಾಮೆರಾಕ್ಕೆ ಆ ವಾರ ಸಿಡಿಲು ಬಡಿದಿತ್ತಂತೆ.
ಜನವರಿಯಲ್ಲಿ.
ಹಾಳೆ ತುಂಬಿಸಿದ ರೈಟರು ಬೈಂದೂರಿಗೆ ವರ್ಗ.
ಎಸ್ಸೈ ತರಬೇತಿಯಲ್ಲಿ.
ಉಳಿದವನು ನಾನು, ಎಲ್ಲಿಗೂ ವರ್ಗವಾಗದವನು.
ಹೊರಡುವಾಗ ಗೂಡಂಗಡಿಯವ ಚಾ ಕೊಟ್ಟ,
ಮುಖ ಕೊಡಲಿಲ್ಲ.

"ಸಹಿ ನಿಮ್ಮದೇ?"
ಸಹಿ ನನ್ನದು ಸಾರ್. ತಾರೀಕು ನನ್ನದಲ್ಲ.
"ಖಾಲಿ ಹಾಳೆಗೆ ಸಹಿ ಹಾಕಿದ್ದು ತಪ್ಪಲ್ಲವಾ?"
ತಪ್ಪು. ಅದನ್ನೂ ಬರೆದುಕೊಳ್ಳಿ.

ಬರೆದರು. ಹಾಳೆ ನನ್ನತ್ತ ತಿರುಗಿಸಿ
ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು.
ಓದುತ್ತೇನೆ, ಅಂದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅಕ್ಷರಕ್ಕಕ್ಷರ.
ಗುಮಾಸ್ತ ಗಡಿಯಾರ ನೋಡಿದ, ಫ್ಯಾನು ನೋಡಿದ,
ನನ್ನನ್ನೂ ಒಮ್ಮೆ ನೋಡಿದ.
ಒಂದು ಕಡೆ ಸೋಮವಾರ ಮಂಗಳವಾರವಾಗಿತ್ತು. ತಿದ್ದಿಸಿದೆ.
ಕೊನೆಯ ಸಾಲಿನ ಕೆಳಗೆ
ನಾಲ್ಕು ಬೆರಳಗಲ ಖಾಲಿ ಉಳಿದಿತ್ತು.
ಜೇಬಿನಿಂದ ನನ್ನದೇ ಪೆನ್ನು ತೆಗೆದು
ಆ ಮೂಲೆಯಿಂದ ಈ ಮೂಲೆಗೆ ಗೆರೆ ಎಳೆದೆ.

ಆಮೇಲೆ ಸಹಿ.
ಸುಳಿ ಈ ಸಲ ಸರಿಯಾಗಿ ಬರಲಿಲ್ಲ.